ಆಟಿಕೆ ಎನ್ನಬೇಡಿ: ಯಾನೊಮಾಮಿ ಹುಡುಗಿಯ ಬೆನ್ನಿನ ಬುಟ್ಟಿ

ಎರಡು ತೆಂಗಿನಕಾಯಿ ಹಿಡಿಸುವಷ್ಟು ಗಾತ್ರದ ಒಂದು ಬುಟ್ಟಿ. ಬಾಯಿ ಅಗಲ, ಒಡಲು ಆಳ, ತಳ ಗುಂಡಗೆ. ಮೈಯೆಲ್ಲ ಇಟ್ಟಿಗೆಗೆಂಪು. ಒಂದು ಪಕ್ಕದ ಹೆಣಿಗೆಯಿಂದ ಮರದ ನಾರಿನ ಪಟ್ಟಿ ಹೊರಟು, ಸಡಿಲವಾಗಿ ಬಳಸಿಕೊಂಡು, ಇನ್ನೊಂದು ಪಕ್ಕಕ್ಕೆ ಸೇರಿಕೊಂಡಿದೆ. ಇದನ್ನು ನಮ್ಮಲ್ಲಿ ಯಾರ ಕೈಗೆ ಕೊಟ್ಟರೂ ಮೊದಲು ಬರುವ ಮಾತು "ಅಯ್ಯೋ, ಎಷ್ಟು ಮುದ್ದಾಗಿದೆ" ಅಂತ. ಎರಡನೆಯದು "ಮೇಜಿನ ಮೇಲೆ ಪೆನ್ನು ಹಾಕಿಡೋಕೆ ಆಗತ್ತೆ" ಅಂತ. ಪಟ್ಟಿ ಏಕಿದೆ ಎಂದು ಕೇಳುವವರು ಕಡಿಮೆ. ಈ ಬರಹ ಆ ಪಟ್ಟಿಯ ಕುರಿತದ್ದು.

ಪ್ರಕರಣ ಇಷ್ಟೇ: ಅಮೆಜಾನ್ ಕಾಡಿನ ಒಬ್ಬ ಯಾನೊಮಾಮಿ ತಾಯಿ, ನಾಲ್ಕೈದು ವರ್ಷದ ಮಗಳಿಗೆ ಅವಳ ಬೆನ್ನಿಗೆ ಸರಿಹೋಗುವ ಹೊರೆಬುಟ್ಟಿಯೊಂದನ್ನು ಹೆಣೆದು ಕೊಡುತ್ತಾಳೆ. ನಡೆದೇ ಇರುವ ಸಂಗತಿ, ಸುಮಾರು ಎಲ್ಲ ಮನೆಗಳಲ್ಲೂ ನಡೆಯುವ ಸಂಗತಿ. ಹಾಗಾಗಿ ಇಲ್ಲಿ ತಾಯಿಗೂ ಮಗಳಿಗೂ ಹೆಸರಿಟ್ಟಿಲ್ಲ. ಇಡದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಯಾನೊಮಾಮಿಗಳಲ್ಲಿ ಒಬ್ಬರ ಹೆಸರನ್ನು ಅವರ ಎದುರಿಗೇ ಕೂಗುವುದು ಅವಮರ್ಯಾದೆ. ಸತ್ತವರ ಹೆಸರನ್ನಂತೂ ಬಾಯಿಗೆ ತರುವ ಹಾಗಿಲ್ಲ. ಅಮ್ಮ, ಅಕ್ಕ, ಸೋದರಮಾವ ಎಂಬ ನೆಂಟಸ್ತಿಕೆಯ ಮಾತಿನಲ್ಲೇ ಕರೆಯಬೇಕು. ಗಂಡನ ಹೆಸರು ಹೇಳಲು ನಾಚಿ, ಒಗಟು ಕಟ್ಟಿ ದಾಟಿಸುತ್ತಿದ್ದ ಅಜ್ಜಿಯರನ್ನು ಕಂಡವರಿಗೆ ಇದು ತೀರ ಹೊಸದಾಗಿ ಕಾಣಲಾರದು.

ಬ್ರೆಜಿಲ್ ಮತ್ತು ವೆನೆಜುವೆಲಾ ದೇಶಗಳ ಗಡಿಯ ಎರಡೂ ಬದಿಗೆ, ಒರಿನೊಕೊ ನದಿಯ ಹುಟ್ಟಿನಿಂದ ರಿಯೊ ನೆಗ್ರೊ, ರಿಯೊ ಬ್ರಾಂಕೊ ನದಿಗಳ ಉಪನದಿಗಳವರೆಗೆ ಇವರ ನೆಲ. ಬ್ರೆಜಿಲ್ ಕಡೆಯ ಭಾಗವನ್ನು ಅಲ್ಲಿನ ಸರ್ಕಾರ 1992ರ ಮೇ ತಿಂಗಳಲ್ಲಿ ಯಾನೊಮಾಮಿ ನೆಲವೆಂದು ಅಧಿಕೃತವಾಗಿ ಗುರುತಿಸಿತು. ಸುಮಾರು 96 ಲಕ್ಷ ಹೆಕ್ಟೇರ್, ಅಂದರೆ ಕರ್ನಾಟಕದ ಹೆಚ್ಚುಕಡಿಮೆ ಅರ್ಧ. 2022ರ ಜನಗಣತಿಯ ಪ್ರಕಾರ ಅಷ್ಟು ನೆಲದಲ್ಲಿರುವವರು 27 ಸಾವಿರದಷ್ಟು ಜನ. ಅಂಥ ಕಾಡಿನಲ್ಲಿ ಗಾಡಿದಾರಿ ಇಲ್ಲ, ಹೊರೆ ಹೊರುವ ಪ್ರಾಣಿ ಇಲ್ಲ. ತೋಟದಿಂದ ಮನೆಗೆ ಬರಬೇಕಾದದ್ದೆಲ್ಲ ಯಾರಾದರೊಬ್ಬರ ಬೆನ್ನ ಮೇಲೆಯೇ ಬರಬೇಕು. ಆ ಬೆನ್ನು ಬಹುಮಟ್ಟಿಗೆ ಹೆಂಗಸಿನದು.

ಮೇಲಿನಿಂದ ಇಳಿಯುವ ಬಳ್ಳಿ

ಬುಟ್ಟಿಗೆ ಬೇಕಾದ ಮುಖ್ಯ ಸರಕಿಗೆ ಬ್ರೆಜಿಲ್‌ನಲ್ಲಿ 'ಸಿಪೊ ಚಿಚಿಕಾ' ಎನ್ನುತ್ತಾರೆ. ಬಳ್ಳಿ ಎಂದು ಬಾಯಿಮಾತಿಗೆ ಹೇಳಿದರೂ ಅದು ಬೇರು. ಕೆಸುವಿನ ಕುಟುಂಬಕ್ಕೆ ಸೇರಿದ ಗಿಡವೊಂದು ಎತ್ತರದ ಮರದ ಕೊಂಬೆಗಳಲ್ಲಿ ನೆಲೆಯೂರಿ, ಅಲ್ಲಿಂದ ನೆಲದತ್ತ ಬೇರುಗಳನ್ನು ಇಳಿಬಿಡುತ್ತದೆ. ನಮ್ಮ ಘಟ್ಟದ ಬೆತ್ತ ನೆಲದಲ್ಲಿ ಹುಟ್ಟಿ ಮೇಲಕ್ಕೆ ಹತ್ತುತ್ತದಲ್ಲ, ಇದು ಸರಿಯಾಗಿ ಅದರ ತಿರುಗಾಮುರುಗಾ. ಕೊಯ್ಯುವವರು ನಿಂತಲ್ಲೇ ನಿಂತು, ಬಲಿತ ಬೇರನ್ನು ಆರಿಸಿ, ಜಗ್ಗಿ ಕಿತ್ತುಕೊಳ್ಳುತ್ತಾರೆ. ಎಳೆಯ ಬೇರು ಬುಟ್ಟಿಗೆ ಆಗುವುದಿಲ್ಲ. ಒಣಗಿದಾಗ ಸುಕ್ಕಾಗಿ ಮುರಿಯುತ್ತದೆ. ಇದ್ದಬದ್ದ ಬೇರನ್ನೆಲ್ಲ ಕಿತ್ತರೆ ಮೇಲಿರುವ ತಾಯಿಗಿಡ ಸಾಯುತ್ತದೆ. ಕಿತ್ತ ಬೇರಿನ ಜಾಗದಲ್ಲಿ ಹೊಸದು ಬಂದು ಬಲಿಯಲು ವರ್ಷಗಟ್ಟಲೆ ಬೇಕು. ಹಾಗಾಗಿ ಕೆಲವನ್ನು ಕಿತ್ತು ಕೆಲವನ್ನು ಬಿಟ್ಟು ಬರುವುದು ಈ ಕಸುಬಿನ ಮೊದಲ ಪಾಠ. ಅದನ್ನು ಯಾರೂ ಪಾಠ ಎಂದು ಹೇಳಿಕೊಡುವುದಿಲ್ಲ. ಅಮ್ಮ ಯಾವುದಕ್ಕೆ ಕೈ ಹಾಕಿದಳು, ಯಾವುದನ್ನು ಮುಟ್ಟಿ ಸುಮ್ಮನಾದಳು ಎಂಬುದನ್ನು ಹಿಂದೆ ನಿಂತ ಹುಡುಗಿ ನೋಡಿರುತ್ತಾಳೆ.

ಮನೆಗೆ ತಂದ ಬೇರಿನ ಸಿಪ್ಪೆ ಸುಲಿದು, ಗೆಣ್ಣು ನಯಮಾಡಿ, ಉದ್ದುದ್ದಕ್ಕೆ ಸೀಳುತ್ತಾರೆ. ದಪ್ಪನೆಯ ಸೀಳು ಬುಟ್ಟಿಯ ಪಕ್ಕೆಲುಬಾಗುತ್ತದೆ, ತೆಳ್ಳನೆಯದು ಅದನ್ನು ಸುತ್ತುವ ಎಳೆಯಾಗುತ್ತದೆ. ಪಕ್ಕೆಲುಬುಗಳನ್ನು ತಳದಲ್ಲಿ ಅಡ್ಡಡ್ಡ ಕೂಡಿಸಿ ಗಟ್ಟಿಮಾಡಿಕೊಂಡು, ಅಲ್ಲಿಂದ ಸುರುಳಿಯಾಗಿ ಮೇಲೆ ಬರುವುದು. ನಮ್ಮ ಮೇದರು ಬಿದಿರಿನ ದಬ್ಬೆಯನ್ನು ಒಂದು ಮೇಲೆ, ಒಂದು ಕೆಳಗೆ ಎಂದು ಹಾಯಿಸುತ್ತಾರೆ. ಯಾನೊಮಾಮಿ ಹೆಣಿಗೆ ಆ ಜಾತಿಯದಲ್ಲ. ಇಲ್ಲಿ ಸುತ್ತುವ ಎಳೆ ಎರಡು. ಒಂದು ಕಡ್ಡಿಯ ಮುಂದೆ, ಒಂದು ಹಿಂದೆ. ಕಡ್ಡಿ ದಾಟಿದ ಕೂಡಲೇ ಎರಡನ್ನೂ ಹಗ್ಗ ಹೊಸೆದ ಹಾಗೆ ತಿರುಚಿ ಮುಂದಿನ ಕಡ್ಡಿಗೆ ಹೋಗುವುದು. ಪ್ರತಿ ಕಡ್ಡಿಯನ್ನೂ ಎರಡು ಎಳೆ ಹಿಂದೆಮುಂದೆ ಕಚ್ಚಿ ಹಿಡಿದಿರುವುದರಿಂದ ಸೌದೆಯ ಮೊನೆ ತಗುಲಿದರೂ ಸಾಲು ಜಾರುವುದಿಲ್ಲ.

ಹೀಗೆ ಹೆಣೆದ ಆಳದ ಹೊರೆಬುಟ್ಟಿಗೆ 'ವಿಇ' ಎಂದು ಹೆಸರು. ಮೊರದಂತೆ ಅಗಲವಾಗಿ, ಆಳ ಕಡಿಮೆ ಇರುವ ಇನ್ನೊಂದಕ್ಕೆ 'ಶೊಟೊ' ಎಂಬ ಹೆಸರಿದೆ. ಊರಿಂದೂರಿಗೆ ಉಚ್ಚಾರ ಬದಲಾಗುತ್ತದೆ. ಎರಡನೆಯದು ಹಣ್ಣು, ಬೇಯಿಸಿದ ಬಾಳೆ, ಮೀನು ಹಾಕಿಡಲು. ಎರಡನ್ನೂ ಹೆಣೆಯುವವರು ಹೆಂಗಸರು. ಗಂಡಸರಿಗೆ ಬೇಟೆಯ ಮಾಂಸ ಹೊರುವ ಹೊತ್ತು ಬಂದರೆ, ನಿಂತಲ್ಲೇ ತಾಳೆಯ ಗರಿ ಕಡಿದು, ಅದನ್ನೇ ಮಡಚಿ ಹೆಣೆದು ಒಂದು ಹೊರೆಚೀಲ ಮಾಡಿಕೊಳ್ಳುತ್ತಾರೆ. ಮನೆ ಮುಟ್ಟಿದ ಮೇಲೆ ಅದು ಕಸ. ಬಾಳಿಕೆಯ ಬುಟ್ಟಿ ಏನಿದ್ದರೂ ಹೆಣ್ಣಿನ ಕೈಯದು.

ಚಿಕ್ಕ ಬುಟ್ಟಿ ಎಂದರೆ ಚಿಕ್ಕ ಕೆಲಸ ಎಂದುಕೊಳ್ಳಬಾರದು. ಸುತ್ತಳತೆ ಕಿರಿದಾದಷ್ಟೂ ತಳದ ತಿರುವು ಕಡಿದಾಗುತ್ತದೆ. ಅಲ್ಲಿ ದಪ್ಪ ಸೀಳು ಬಾಗದೆ ಸಿಡಿಯುತ್ತದೆ. ಹೀಗಾಗಿ ಸೀಳನ್ನು ಇನ್ನೂ ತೆಳುವಾಗಿ ತೆಗೆಯಬೇಕು, ಕಡ್ಡಿಗಳ ನಡುವಿನ ಸಂದು ಕಿರಿದಾಗಬೇಕು, ಬೆರಳು ಒಳಗೆ ಆಡಲು ಜಾಗವಿಲ್ಲದೆ ಹೆಣೆಯಬೇಕು. ಬೇರೆ ಯಾವುದಾದರೂ ಹಗುರ ಸಾಮಗ್ರಿಯಲ್ಲಿ ಬೇಗ ಮುಗಿಸಿ ಕೈಗಿಟ್ಟಿದ್ದರೆ ನಾನೂ ಅದನ್ನು ಆಟಿಕೆ ಎನ್ನುತ್ತಿದ್ದೆ. ಇಲ್ಲಿ ಹಾಗಿಲ್ಲ. ಅದೇ ಬೇರು, ಅದೇ ಹೆಣಿಗೆ, ಅದೇ ಅಂಚು, ಅದೇ ಪಟ್ಟಿ. ಬೆನ್ನಷ್ಟೇ ಬೇರೆ.

ಹೆಣೆದಾದ ಮೇಲೆ ಕೆಂಪು ಹಚ್ಚುತ್ತಾರೆ. ಆ ಕೆಂಪು ಅನಾಟೊ ಬೀಜದ್ದು. ಬೆಣ್ಣೆ, ಚೀಸಿಗೆ ಬಣ್ಣ ಕೊಡಲು ಈಗ ಜಗತ್ತೆಲ್ಲ ಬಳಸುವ ಬೀಜ. ಯಾನೊಮಾಮಿಗಳು ಅದನ್ನು ಮೈಗೂ ಬಳಿದುಕೊಳ್ಳುತ್ತಾರೆ. ಹುಡುಗಿಗೂ ಬುಟ್ಟಿಗೂ ಒಂದೇ ಬಣ್ಣ.

ಹಣೆಯ ಮೇಲಿನ ಪಟ್ಟಿ

ಈಗ ಪಟ್ಟಿಗೆ ಬರೋಣ. ನಮ್ಮಲ್ಲಿ ಹೊರೆ ಎಂದರೆ ನೆತ್ತಿ, ನೆತ್ತಿಯ ಮೇಲೊಂದು ಸಿಂಬಿ. ಅಲ್ಲಿ ನಾರಿನ ಪಟ್ಟಿ ಹಣೆಯ ಮೇಲುಭಾಗಕ್ಕೆ ಕೂರುತ್ತದೆ, ಬುಟ್ಟಿ ಬೆನ್ನಿಗೆ ಒರಗುತ್ತದೆ. ಕುತ್ತಿಗೆ ತುಸು ಮುಂದಕ್ಕೆ, ನಡು ತುಸು ಬಾಗಿ. ಭಾರ ಹಣೆಯಿಂದ ಬೆನ್ನುಮೂಳೆಗೆ ನೇರ ಇಳಿಯುತ್ತದೆ. ಭುಜಕ್ಕೆ ಕೆಲಸವಿಲ್ಲ, ಎರಡೂ ಕೈ ಖಾಲಿ. ಮುಂದೆ ನಾರಿನ ಜೋಲಿಯಲ್ಲಿ ಎಳೆಗೂಸು, ಕೈಯಲ್ಲಿ ಮಚ್ಚು, ಬೆನ್ನಿಗೆ ಬಾಳೆಗೊನೆ ಅಥವಾ ಸೌದೆ. ತೋಟದಿಂದ ಮರಳುವ ಹೆಂಗಸಿನ ರೂಪ ಇದು. ಸಿಂಬಿಯ ಹೊರೆಗೆ ತಲೆಯ ಮೇಲೆ ತೆರಪು ಬೇಕು. ಬಳ್ಳಿ, ಕೊಂಬೆ ಜೋತುಬಿದ್ದ ಕಾಡುದಾರಿಯಲ್ಲಿ ಬಗ್ಗಿ ನುಸುಳಬೇಕಾದಾಗ ಹಣೆಪಟ್ಟಿಯೇ ಸರಿ.

ನೇಪಾಳದ ಹಮಾಲರು ಇದೇ ಪಟ್ಟಿಯನ್ನು 'ನಾಮ್ಲೊ' ಎನ್ನುತ್ತಾರೆ. ಅವರು ಬೆಟ್ಟ ಹತ್ತುವಾಗ ಹೊರುವ ಭಾರವನ್ನು ತೂಗಿ 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಗಂಡಸರು ಸರಾಸರಿ ತಮ್ಮ ದೇಹತೂಕದ ಶೇ 93ರಷ್ಟು, ಹೆಂಗಸರು ಶೇ 66ರಷ್ಟು ಹೊರುತ್ತಿದ್ದರು. ಇಷ್ಟು ಹೊರಬಲ್ಲ ಕುತ್ತಿಗೆ ಒಂದು ದಿನದಲ್ಲಿ ಆಗುವಂಥದಲ್ಲ. ನಾಲ್ಕು ವರ್ಷದ ಹುಡುಗಿಯ ಬುಟ್ಟಿಗೆ ಬರುವುದು ಎರಡು ಗೆಣಸೋ ನಾಲ್ಕು ಸೌದೆಚೂರೋ. ಭಾರ ಅತ್ಯಲ್ಪ. ಆದರೆ ಪಟ್ಟಿ ಹಣೆಯ ಯಾವ ಎತ್ತರದಲ್ಲಿ ಕೂತರೆ ಜಾರುವುದಿಲ್ಲ, ಬಗ್ಗಿದಾಗ ಬುಟ್ಟಿ ಪಕ್ಕಕ್ಕೆ ವಾಲದಿರಲು ನಡುವನ್ನು ಹೇಗಿಡಬೇಕು ಎಂಬುದು ಆ ಅತ್ಯಲ್ಪದಲ್ಲೇ ತಿಳಿಯಬೇಕು. ದೊಡ್ಡ ಬುಟ್ಟಿಯಲ್ಲಿ ಕಾಲುಭಾಗ ತುಂಬಿ ಕೊಟ್ಟರೆ ಇದು ಆಗುವುದಿಲ್ಲ. ಬುಟ್ಟಿ ಮೊಣಕಾಲಿಗೆ ಬಡಿಯುತ್ತದೆ, ಪಟ್ಟಿ ಕಣ್ಣಿಗೆ ಇಳಿಯುತ್ತದೆ. ಹಾಗಾಗಿ ಅಳತೆಯೇ ಇಲ್ಲಿ ಮುಖ್ಯ ಸಂಗತಿ.

ಹುಡುಗರಿಗೂ ಇಂಥದ್ದೇ ಒಂದಿದೆ: ಪುಟ್ಟ ಬಿಲ್ಲು, ಪುಟ್ಟ ಬಾಣ. ಊರಿನ ಅಂಗಳದಲ್ಲಿ ಹಲ್ಲಿಯನ್ನು ದಾರಕ್ಕೆ ಕಟ್ಟಿ ಬಿಟ್ಟು ಗುರಿ ಹಿಡಿಯಲು ಕಲಿಯುತ್ತಾರೆ. ಹೊರಗಿನವರು ಬರೆದ ವರದಿಗಳಲ್ಲಿ ಈ ಬಿಲ್ಲು-ಬಾಣಕ್ಕೆ ಪುಟಗಟ್ಟಲೆ ಜಾಗ ಸಿಕ್ಕಿದೆ, ಬುಟ್ಟಿಗೆ ಒಂದೆರಡು ಸಾಲು. ಬರೆದವರು ಹೆಚ್ಚಾಗಿ ಗಂಡಸರು ಎನ್ನುವುದು ಕಾರಣವಿರಬಹುದು. ನನಗೆ ಇನ್ನೊಂದು ವ್ಯತ್ಯಾಸ ಕಾಣುತ್ತದೆ. ಹುಡುಗ ಹೊಡೆದ ಹಲ್ಲಿಯಿಂದ ಮನೆಯ ಅಡುಗೆ ನಡೆಯುವುದಿಲ್ಲ. ಹುಡುಗಿ ತಂದ ನಾಲ್ಕು ಸೌದೆಚೂರು ಮಾತ್ರ ಆ ರಾತ್ರಿಯೇ ತೂಗುಮಂಚದ ಕೆಳಗಿನ ಬೆಂಕಿಗೆ ಹೋಗುತ್ತದೆ. ಯಾನೊಮಾಮಿ ಮನೆಯಲ್ಲಿ ರಾತ್ರಿಯಿಡೀ ಬೆಂಕಿ ಬೇಕು; ಹೊದಿಕೆ ಇಲ್ಲದವರಿಗೆ ಬೆಚ್ಚಗಿಡುವುದು ಅದೇ. ಅವಳ ಪಾಲು ಚಿಕ್ಕದಾದರೂ ಅದು ನಿಜವಾದ ಪಾಲು.

ಕಾಡುಬಳ್ಳಿಯನ್ನು ಜಜ್ಜಿ ನೀರಿಗೆ ಬಿಟ್ಟು ಮೀನು ಹಿಡಿಯುವ ದಿನ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಹಳ್ಳದ ನೀರು ತಗ್ಗಿದ ಕಾಲದಲ್ಲಿ ಗಂಡಸರು ನಂಜನ್ನು ನೀರಿಗೆ ಬೆರೆಸುತ್ತಾರೆ. ಉಸಿರು ಕಟ್ಟಿದ ಮೀನು ಮೇಲೆ ತೇಲುತ್ತದೆ. ಹೆಂಗಸರು, ಮಕ್ಕಳು ನೀರಿಗಿಳಿದು ಬುಟ್ಟಿಯಿಂದಲೇ ಮೊಗೆಯುತ್ತಾರೆ. ಹೆಣಿಗೆಯ ಸಂದಿಯಲ್ಲಿ ನೀರು ಸೋರಿ ಹೋಗುತ್ತದೆ, ಮೀನು ಉಳಿಯುತ್ತದೆ. ಆ ಗಲಾಟೆಯಲ್ಲಿ ಯಾರಿಗೂ ಯಾರನ್ನೂ ಕಲಿಸುವ ಪುರಸೊತ್ತಿಲ್ಲ.

ಮಕ್ಕಳು ಹೀಗೆ ಕಲಿಯುವುದನ್ನು ಮಾನವಶಾಸ್ತ್ರಜ್ಞ ಡೇವಿಡ್ ಲ್ಯಾನ್ಸಿ 'ಮನೆಗೆಲಸದ ಪಠ್ಯಕ್ರಮ' ಎಂಬರ್ಥದ ಮಾತಿನಿಂದ ಕರೆದಿದ್ದಾರೆ. ಪೆರು ದೇಶದ ಅಮೆಜಾನ್‌ನ ಮತ್ಸಿಗೆಂಕಾ ಸಮುದಾಯದ ಕುರಿತು ಎಲಿನಾರ್ ಓಕ್ಸ್ ಮತ್ತು ಕರೊಲಿನಾ ಇಸ್ಕಿಯೆರ್ದೊ 2009ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂಥ ಒಬ್ಬ ಹುಡುಗಿ ಬರುತ್ತಾಳೆ. ಆರರ ಆಸುಪಾಸಿನ ಅವಳು ಬೇರೊಂದು ಕುಟುಂಬದ ಜೊತೆ ಚಾವಣಿಗೆ ಗರಿ ತರಲು ತಾನಾಗಿ ಹೊರಡುತ್ತಾಳೆ. ಅಲ್ಲಿ ಮಲಗುವ ಚಾಪೆಯ ಮರಳು ಗುಡಿಸುತ್ತಾಳೆ, ಗರಿ ಹೊರುತ್ತಾಳೆ, ಸಂಜೆಗೆ ಹೊಳೆಯಲ್ಲಿ ಸೀಗಡಿಯಂಥವನ್ನು ಹಿಡಿದು, ತೊಳೆದು, ಬೇಯಿಸಿ, ಎಲ್ಲರಿಗೂ ಬಡಿಸುತ್ತಾಳೆ. ಯಾರೂ ಹೇಳಿರಲಿಲ್ಲ. ಲೇಖನ ಅವಳನ್ನು ಲಾಸ್ ಏಂಜಲಿಸ್‌ನ ಮಕ್ಕಳ ಜೊತೆ ಹೋಲಿಸುತ್ತದೆ. ಅಲ್ಲಿನ ಅಪ್ಪ-ಅಮ್ಮಂದಿರು ಮಗುವಿನ ಶೂ ಲೇಸನ್ನೂ ತಾವೇ ಕಟ್ಟುತ್ತಿದ್ದರು. ಈ ಹೋಲಿಕೆ ಆಮೇಲೆ ಮಕ್ಕಳನ್ನು ಬೆಳೆಸುವ ಸಲಹೆಯ ಲೇಖನಗಳಲ್ಲೆಲ್ಲ ತಿರುಗಾಡಿತು. ನನಗೆ ಅದರಲ್ಲಿ ಅಷ್ಟು ಆಸಕ್ತಿಯಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗುವಿಗೆ ಪುಟ್ಟ ಬುಟ್ಟಿ ಕೊಟ್ಟ ಮಾತ್ರಕ್ಕೆ ಸೌದೆ ಹುಟ್ಟುವುದಿಲ್ಲ. ಬುಟ್ಟಿ ಕೆಲಸ ಮಾಡುವುದು ಅದರ ಸುತ್ತ ತೋಟ, ಹಳ್ಳ, ಬೆಂಕಿ ಇದ್ದಾಗ.

ಮತುರಾಕಾದಲ್ಲಿ ಬುಟ್ಟಿಗೆ ಬೆಲೆ ಬಂದದ್ದು

ಮಾರುಕಟ್ಟೆ ಬಂದ ಮೇಲೆ ಏನಾಯಿತು ಎಂದು ನೋಡಲು ಮತುರಾಕಾಗೆ ಹೋಗಬೇಕು. ಅಮೆಜೊನಾಸ್ ರಾಜ್ಯದ ಸಾವ್ ಗೇಬ್ರಿಯೆಲ್ ದ ಕಾಶೊಯೆಯ್ರಾ ಆಡಳಿತಕ್ಕೆ ಸೇರಿದ, ಕವಬೂರಿಸ್ ನದಿಯ ಸೀಮೆಯ ದೊಡ್ಡ ಯಾನೊಮಾಮಿ ನೆಲೆ ಅದು. ಒಂದು ಕಡೆ ಸಲೇಸಿಯನ್ ಪಾದ್ರಿಗಳ ಮಿಷನ್, ಇನ್ನೊಂದು ಕಡೆ ಬ್ರೆಜಿಲ್ ಸೇನೆಯ ಗಡಿ ತುಕಡಿ, ಹಿಂದೆ ದೇಶದ ಅತಿ ಎತ್ತರದ ಶಿಖರ. 2,995 ಮೀಟರ್‌ನ ಆ ಶಿಖರಕ್ಕೆ ಬ್ರೆಜಿಲ್ ಇಟ್ಟ ಹೆಸರು ಪಿಕೊ ದ ನೆಬ್ಲಿನಾ, ಯಾನೊಮಾಮಿಗಳಿಗೆ ಅದು ಯಾರಿಪೊ. 2015ರಲ್ಲಿ ಇಲ್ಲಿನ ಹೆಂಗಸರು ಕುಮಿರಾಯೊಮ ಎಂಬ ತಮ್ಮದೇ ಸಂಘ ಕಟ್ಟಿಕೊಂಡರು. ಸಂಘದ ಮುಖ್ಯ ಸರಕು ಬುಟ್ಟಿ. ಸಾವ್ ಗೇಬ್ರಿಯೆಲ್ ಪಟ್ಟಣದಲ್ಲಿ ರಿಯೊ ನೆಗ್ರೊ ಸೀಮೆಯ ಮೂಲನಿವಾಸಿಗಳ ಒಕ್ಕೂಟ ನಡೆಸುವ 'ವಾರಿರೊ' ಮಳಿಗೆ ಇದೆ. ಅಂಥ ಕಡೆಗಳ ಮೂಲಕ ಬುಟ್ಟಿ ಮಹಾನಗರಗಳಿಗೂ ಹೋಗುತ್ತದೆ.

ಈ ಬುಟ್ಟಿಗಳ ಕೆಂಪು ಮೈಮೇಲೆ ಹೊಳೆಯುವ ಕಪ್ಪು ಗೆರೆಗಳಿರುತ್ತವೆ. ಅದು ಬಣ್ಣವಲ್ಲ, ನಾರೂ ಅಲ್ಲ. 'ಪೆರಿಸಿ' ಎಂದು ಹೆಂಗಸರು ಕರೆಯುವ ಅದು ಅಣಬೆಯ ಎಳೆ. ಕಾಡಿನ ನೆಲದ ಕೊಳೆತ ತರಗೆಲೆಯ ನಡುವೆ, ಕುದುರೆಯ ಬಾಲದ ಕೂದಲಿನ ಹಾಗೆ ಕಪ್ಪಗೆ, ನುಣ್ಣಗೆ ಹಬ್ಬಿಕೊಂಡಿರುತ್ತದೆ. ತರಗು ಸರಿಸಿ, ತುಂಡಾಗದ ಹಾಗೆ ಎಳೆದು ತೆಗೆಯಬೇಕು. ಬುಟ್ಟಿ ಹೆಣೆಯುವ ಹೆಂಗಸರೇ ಇದರ ಬಗ್ಗೆ ತಮಗೆ ಗೊತ್ತಿರುವುದನ್ನೆಲ್ಲ ಸೇರಿಸಿ, ಅಣಬೆ ತಜ್ಞೆ ನೊಯೆಮಿಯ ಇಶಿಕಾವಾ ಮೊದಲಾದವರ ಜೊತೆ ಕೂತು ದಾಖಲಿಸಿದರು. 2019ರಲ್ಲಿ ಅದು ಪುಸ್ತಕವೂ ಆಯಿತು. ವಿಜ್ಞಾನಕ್ಕೆ ಅದು ಹೊಸ ಪ್ರಭೇದ. ಮರಾಸ್ಮಿಯಸ್ ಯಾನೊಮಾಮಿ ಎಂದು ಹೆಸರಿಟ್ಟರು. ಬುಟ್ಟಿಯೊಂದರ ಅಂಚಿನ ಗೆರೆ ಸಸ್ಯಾಲಯದ ಕಪಾಟಿಗೆ ಹೋಗಿ ಕೂತದ್ದು ಹೀಗೆ.

ಇದನ್ನು ನಾನು ಒಳ್ಳೆಯದೆಂದೇ ಎಣಿಸುತ್ತೇನೆ. ಹೆಂಗಸರ ಕೈಗೆ ಅವರದೇ ದುಡಿಮೆಯ ಹಣ ಬಂತು, ಹೆಣಿಗೆ ಬಿಟ್ಟುಹೋಗದೆ ಉಳಿಯಿತು. ಆದರೆ ಚಿಕ್ಕ ಬುಟ್ಟಿಯ ಪಾಡು ಇಲ್ಲಿ ವಿಚಿತ್ರ. ದೊಡ್ಡ ವಿಇ ಬುಟ್ಟಿಯನ್ನು ವಿಮಾನದಲ್ಲಿ ಒಯ್ಯುವುದು ಕಷ್ಟ. ಚಿಕ್ಕದು ಕೈಚೀಲಕ್ಕೆ ಹಿಡಿಸುತ್ತದೆ, ಶೆಲ್ಫಿನ ಮೇಲೆ ಕೂರುತ್ತದೆ. ಹುಡುಗಿಯ ಬೆನ್ನಿಗೆಂದು ಇದ್ದ ಅಳತೆಯೇ ಈಗ ಪ್ರವಾಸಿಯ ಶೆಲ್ಫಿಗೂ ಸರಿಹೋಗುತ್ತದೆ. ಒಂದೇ ಗಾತ್ರದ ಎರಡು ಬುಟ್ಟಿ ಪಕ್ಕಪಕ್ಕ ಇಟ್ಟರೆ ಯಾವುದು ಯಾರಿಗೆಂದು ಹೇಳುವುದು ಹೇಗೆ? ಪಟ್ಟಿ ನೋಡಬೇಕು. ಹೊತ್ತ ಬುಟ್ಟಿಯ ಪಟ್ಟಿ ನಡುವೆ ಬೆವರಿಗೆ ಕಪ್ಪಾಗಿ ಮೆತ್ತಗಾಗಿರುತ್ತದೆ, ಬೆನ್ನಿಗೆ ಒರಗುವ ಕಡೆಯ ಕೆಂಪು ಸವೆದಿರುತ್ತದೆ. ಮಾರಾಟದ್ದಕ್ಕೆ ಸುತ್ತಲೂ ಒಂದೇ ಕೆಂಪು.

ಇನ್ನೊಂದು ತೊಡಕು ಬೇರಿನದು. ಒಂದೇ ಕಡೆ ನೆಲೆನಿಂತ ದೊಡ್ಡ ಊರಿನ ಸುತ್ತ ಬಲಿತ ಚಿಚಿಕಾ ಬೇಗ ಮುಗಿಯುತ್ತದೆ. ಯಾನೊಮಾಮಿಗಳು ಹಿಂದೆ ಕೆಲವು ವರ್ಷಕ್ಕೊಮ್ಮೆ ಊರನ್ನೇ ಬದಲಿಸುತ್ತಿದ್ದರು. ಕಾಡಿಗೆ ಬಿಡುವು ಸಿಗುತ್ತಿತ್ತು. ಮಿಷನ್, ಶಾಲೆ, ಆಸ್ಪತ್ರೆ ಬಂದ ಮೇಲೆ ಊರು ಕದಲುವುದಿಲ್ಲ. ಬುಟ್ಟಿಗೆ ಬೇಡಿಕೆ ಏರಿದಷ್ಟೂ ಬೇರಿಗಾಗಿ ನಡೆಯುವ ದಾರಿ ಉದ್ದವಾಗುತ್ತದೆ, ಅಷ್ಟು ದೂರಕ್ಕೆ ನಾಲ್ಕು ವರ್ಷದವಳನ್ನು ಕರೆದೊಯ್ಯಲಾಗುವುದಿಲ್ಲ. ಹಾಗಾದರೆ ಅಮ್ಮ ಯಾವ ಬೇರನ್ನು ಬಿಟ್ಟಳು ಎಂಬುದನ್ನು ಅವಳು ನೋಡುವುದು ಎಲ್ಲಿ?

ಬುಟ್ಟಿ ಖಾಲಿ ಇದ್ದ ವರ್ಷಗಳು

ಮತುರಾಕಾದಿಂದ ಪೂರ್ವಕ್ಕೆ, ರೊರೈಮಾ ರಾಜ್ಯದ ಕಡೆ, ಕಥೆ ಬೇರೆ. ಅಲ್ಲಿಗೆ ಅಕ್ರಮ ಚಿನ್ನದ ಗಣಿಗಾರರು ನುಗ್ಗಿದರು. ಅವರ ಸಂಖ್ಯೆ 20 ಸಾವಿರ ಎಂಬ ಅಂದಾಜಿತ್ತು. ಪಾದರಸ ಹೊಳೆ ಸೇರಿತು, ಗಣಿಗುಂಡಿಯ ನಿಂತ ನೀರಿನಲ್ಲಿ ಸೊಳ್ಳೆ ಹೆಚ್ಚಿತು, ಮಲೇರಿಯಾ ಹಬ್ಬಿತು. 2023ರ ಜನವರಿಯಲ್ಲಿ ಬ್ರೆಜಿಲ್ ಸರ್ಕಾರ ಆರೋಗ್ಯ ತುರ್ತುಸ್ಥಿತಿ ಘೋಷಿಸಿತು. ಅದಕ್ಕೆ ಹಿಂದಿನ ನಾಲ್ಕು ವರ್ಷಗಳಲ್ಲಿ ಐದು ವರ್ಷದೊಳಗಿನ 570 ಮಕ್ಕಳು ತಡೆಯಬಹುದಾಗಿದ್ದ ಕಾರಣಗಳಿಂದ ಸತ್ತಿದ್ದಾರೆ ಎಂದು 'ಸುಮಾಉಮ' ಸುದ್ದಿತಾಣ ಆಗ ವರದಿ ಮಾಡಿತು. ಪಕ್ಕೆಲುಬು ಎದ್ದು ಕಾಣುವ ಮಕ್ಕಳ ಚಿತ್ರಗಳು ನಮ್ಮ ಟಿವಿಗಳವರೆಗೂ ಬಂದವು.

ಕಾಡಿನಲ್ಲಿ ಹಸಿವೆ ಎಂದರೆ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಬುಟ್ಟಿಯಿಂದ ನೋಡಿದರೆ ಅರ್ಥವಾಗುತ್ತದೆ. ಮಲೇರಿಯಾದಿಂದ ಅಪ್ಪ ಮಲಗಿದರೆ ಹೊಸ ತೋಟಕ್ಕೆ ಮರ ಕಡಿಯುವವರಿಲ್ಲ. ಅಮ್ಮ ಮಲಗಿದರೆ ಇರುವ ತೋಟದಿಂದ ಹೊತ್ತು ತರುವವರಿಲ್ಲ. ಹೊಳೆ ಕೆಟ್ಟರೆ ಮೀನಿಲ್ಲ, ಯಂತ್ರದ ಸದ್ದಿಗೆ ಬೇಟೆಯ ಪ್ರಾಣಿ ದೂರ ಸರಿಯುತ್ತದೆ. ಹುಡುಗಿಯ ಬುಟ್ಟಿಗೆ ಹಾಕಲು ದೊಡ್ಡ ಬುಟ್ಟಿಯಲ್ಲೇ ಏನಿಲ್ಲ.

ಮಗು ಸತ್ತರೆ ಬುಟ್ಟಿಯೂ ಉಳಿಯುವುದಿಲ್ಲ. ಸತ್ತವರು ಬಳಸಿದ್ದನ್ನೆಲ್ಲ ಯಾನೊಮಾಮಿಗಳು ಸುಟ್ಟೋ ಮುರಿದೋ ಇಲ್ಲವಾಗಿಸುತ್ತಾರೆ. ಅವರು ಕೈಯಿಟ್ಟ ವಸ್ತು ಕಣ್ಣಿಗೆ ಬಿದ್ದಾಗಲೆಲ್ಲ ಉಳಿದವರ ದುಃಖ ಕೆದಕುತ್ತದೆ ಎಂಬುದು ಅವರ ತರ್ಕ. ಯಾನೊಮಾಮಿ ಶಾಮನ್ ದಾವಿ ಕೊಪೆನಾವ ಇದನ್ನು ಹೊರಗಿನವರಿಗೆ ಮತ್ತೆ ಮತ್ತೆ ವಿವರಿಸಿದ್ದಾರೆ. ಸತ್ತವರ ಚೀಟಿ-ಫೋಟೋ ಎತ್ತಿಡುವ ನಮಗೆ ಇದು ಕಠೋರವಾಗಿ ಕಾಣಬಹುದು. ಅವರಿಗೆ ಸತ್ತ ಮಗುವಿನ ಬುಟ್ಟಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ದೀಪ ಬಿಡುವುದೇ ಕಠೋರ. ಮ್ಯೂಸಿಯಮ್ಮಿನ ಪುಟ್ಟ ಬುಟ್ಟಿಯ ಕೆಳಗೆ 'ಆಟಿಕೆ' ಎಂಬ ಚೀಟಿ ಅಂಟಿಸುವಾಗ ಈ ಸಂಗತಿಯಾದರೂ ನೆನಪಿರಬೇಕು.

ಬದುಕಿರುವ ಹುಡುಗಿಯ ಬುಟ್ಟಿಯ ಕೊನೆ ಹೀಗಲ್ಲ. ಅದು ಸಾದಾ ಕೊನೆ. ತಳದಲ್ಲಿ ಎಳೆ ಸವೆದು ಕಡ್ಡಿ ಹೊರಗೆ ಬರುತ್ತದೆ, ಅಥವಾ ಬುಟ್ಟಿ ಗಟ್ಟಿಯಾಗಿಯೇ ಇದ್ದರೂ ಬೆನ್ನು ಅಗಲವಾಗಿರುತ್ತದೆ. ಹರಿದದ್ದನ್ನು ಯಾರೂ ನೆನಪಿಗೆಂದು ಎತ್ತಿಡುವುದಿಲ್ಲ. ಅಮ್ಮ ಮತ್ತೆ ಬೇರು ತರುತ್ತಾಳೆ, ಸಿಪ್ಪೆ ಸುಲಿಯುತ್ತಾಳೆ. ಈ ಸಲದ ತಳ ಎರಡು ಬೆರಳು ಅಗಲ. ಪಕ್ಕದಲ್ಲಿ ಕೂತ ಹುಡುಗಿ ಬಿದ್ದ ಸೀಳುಗಳನ್ನು ಆರಿಸಿಕೊಂಡು, ಎರಡು ಎಳೆ ಹಿಡಿದು, ಒಂದನ್ನು ಕಡ್ಡಿಯ ಮುಂದೆ, ಒಂದನ್ನು ಹಿಂದೆ ಹಾಯಿಸಿ ನೋಡುತ್ತಾಳೆ.